ಮೊದಲು ಮಗುಚುವ ಜಮ್ಮುಲಮ್ಮ

ಹೊತ್ತು ಇನ್ನೂ ಸರಿಯಾಗಿ ಹುಟ್ಟಿಲ್ಲ. ತೆಲಂಗಾಣದ ಧರೂರಿನಾಚೆ ಜೂರಾಲ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಜಮ್ಮುಲಮ್ಮ ಕಚ್ಚೆ ಬಿಗಿದು ಸೊಂಟಮಟ್ಟ ನೀರಿನಲ್ಲಿ ನಿಂತಿದ್ದಾರೆ. ಎದುರಿಗೆ ಒಂದು ಕೆಂಪು ಕಯಾಕ್, ಹುಟ್ಟು ಹಾಕುವ ಪುಟ್ಟ ದೋಣಿ. ಅದರ ಮೇಲೆ ಮಕ್ತಲದಿಂದ ಬಂದ ನವನೀತಾ, ಅವರ ಮುಂದೆ ನಾಲ್ಕು ವರ್ಷದ ಮಗ. ಇಬ್ಬರಿಗೂ ಲೈಫ್ ಜಾಕೆಟ್ ಇದೆ. "ಉಸಿರು ಹಿಡೀರಿ ಯವ್ವಾ" ಎನ್ನುತ್ತಾರೆ ಜಮ್ಮುಲಮ್ಮ. ಮರುಗಳಿಗೆಯಲ್ಲಿ ತಮ್ಮ ಕೈಯಾರೆ ಆ ದೋಣಿಯನ್ನು ಮಗುಚಿಬಿಡುತ್ತಾರೆ!

"ಅಯ್ಯೋ, ಕೂಸು!" ಎಂದು ದಂಡೆಯಲ್ಲಿದ್ದ ನವನೀತಾರ ಅತ್ತೆ ಮಲ್ಲೇಶ್ವರಿ ಚೀರುತ್ತಾರೆ. ಅಷ್ಟರಲ್ಲಿ ತಾಯಿ, ಮಗ ಇಬ್ಬರೂ ಬುಳಕ್ಕನೆ ಮೇಲೆ ಬಂದಾಗಿದೆ. ಹುಡುಗ ಮೂಗಿನ ನೀರು ಸೀನಿ, "ಇನ್ನೊಮ್ಮಿ!" ಎನ್ನುತ್ತಾನೆ. ಅತ್ತೆ ಮಾತ್ರ ಚೀಲ ಅವುಚಿಕೊಂಡು ನೀರಿನಂಚಿಗೇ ಬಂದು ನಿಂತಿದ್ದಾರೆ.

ದುಡ್ಡು ಕೊಟ್ಟು ವಿಹಾರಕ್ಕೆ ಬಂದವರನ್ನು ಹೀಗೆ ಮುಳುಗಿಸುವ ಹೆಂಗಸು ಬೇರೆಲ್ಲಾದರೂ ಇದ್ದಾರೋ ಕಾಣೆ. ಬೈದು ವಾಪಸಾದವರೂ ಉಂಟು. ಜಮ್ಮುಲಮ್ಮ ಜಪ್ಪಯ್ಯ ಎಂದರೂ ಬಗ್ಗುವವರಲ್ಲ. "ನಾ ಇದ್ದಾಗ ಒಮ್ಮಿ ಬೀಳ್ರಿ. ನಾ ಇಲ್ಲದಲ್ಲಿ ಬಿದ್ರ ಗಾಬರಿ ಆಗಂಗಿಲ್ಲ" ಎನ್ನುತ್ತಾರೆ.

ಐವತ್ತು ದಾಟಿದ ಈಕೆಯ ತವರು ಮಾಗನೂರು ಕಡೆಯ ಹೊಳೆದಂಡೆ. ಮನೆತನದ್ದು ಹರಿಗೋಲಿನ ಕಸುಬು. ತೆಲುಗಿನವರು ಅದನ್ನೇ ಪುಟ್ಟಿ ಅನ್ನುತ್ತಾರೆ. ಸಂತೆಯ ಜನ, ಆಡುಮರಿ, ನಾರಾಯಣಪೇಟೆಯ ಸೀರೆಗಂಟು ಎಲ್ಲವೂ ಅದರಲ್ಲೇ ಕೃಷ್ಣೆ ದಾಟುತ್ತಿದ್ದವು. ಹರಿಗೋಲು ಹತ್ತಿದ ಕೂಸನ್ನು ಹಳೆಯ ಸೀರೆಯ ತುಂಡಿನಿಂದ ಒಳಗಿನ ಬಿದಿರಿಗೆ ಕಟ್ಟುವುದು ಅವರ ರೂಢಿ. "ಕೂಸು ಬಗ್ಗಿ ನೀರಿಗೆ ಬೀಳಬಾರದಲ್ರಿ? ಹರಗೋಲು ಅಗಲ ಐತಿ, ತಿರುಗತೈತಿ, ಆದ್ರ ಮಗುಚಂಗಿಲ್ಲ. ಕಟ್ಟಿದ್ರ ನಿಶ್ಚಿಂತಿ" ಎಂದು ವಿವರಿಸುತ್ತಾರೆ.

ಸೇತುವೆಗಳಾದ ಮೇಲೆ ಕಸುಬು ಕೂತುಹೋಯಿತು. ಗಂಡ ಎಂಕಪ್ಪನೊಂದಿಗೆ ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತು, ಸೊಂಟ ಸೋತು, ಮತ್ತೆ ನೀರಿನ ಬದಿಗೇ ಬಂದರು. ಗದ್ವಾಲಿನ ರಾಜಕುಮಾರ ಎಂಬವರು ಇಲ್ಲಿ ಕಯಾಕ್ ಬಾಡಿಗೆ ಶುರು ಮಾಡಿದಾಗ ಇಬ್ಬರಿಗೂ ಕೆಲಸ ಸಿಕ್ಕಿತು. ಅವರು ಮೊದಲು ತಂದದ್ದು ನೀಲಿ ಕಯಾಕ್‌ಗಳು. ಸಪೂರವಾಗಿದ್ದವು, ಕಾಲು ಒಳಗೆ ತೂರಿಸಿ ಕೂರಬೇಕಿತ್ತು. ಕಣ್ಣಿಗೆ ಬಲು ಚೆಂದ.

ಹೋದ ಸಂಕ್ರಾಂತಿಗೆ ಮಗಳು ಸರಿತಾ ಗದ್ವಾಲಿನಿಂದ ಬಂದಳು, ಜೊತೆಗೆ ಐದು ವರ್ಷದ ಮೊಮ್ಮಗಳು ಪ್ರಶಾಂತಿ. ಎಂಕಪ್ಪ ಮೊಮ್ಮಗಳನ್ನು ನೀಲಿ ಕಯಾಕಿನಲ್ಲಿ ಕೂರಿಸಿಕೊಂಡರು. ಹೆಗಲ ಮೇಲಿನ ಟವಲು ತೆಗೆದು ಅವಳ ನಡುವನ್ನು ಸೀಟಿನ ಪಟ್ಟಿಗೆ ಕಟ್ಟಿದರು. ಹೊಳೆಯವರಲ್ಲವೆ, ಕೈ ತಾನಾಗಿ ಕಟ್ಟಿತು. ದಂಡೆಯಲ್ಲಿದ್ದ ಜಮ್ಮುಲಮ್ಮ ಬೇಡವೆನ್ನಲಿಲ್ಲ. "ಇನ್ನೊಂದು ಗಂಟು ಹಾಕ್ರಿ" ಎಂದರು.

ಹತ್ತು ಮಾರು ಹೋಗಿಲ್ಲ, ಪ್ರಶಾಂತಿ ಬಾತುಕೋಳಿ ನೋಡಲು ವಾಲಿದಳು. ದೋಣಿ ಬುಡಮೇಲಾಯಿತು. ಎಂಕಪ್ಪನ ತಲೆ ಮೇಲೆ ಬಂತು. ಕೂಸಿನ ತಲೆ ಬರಲಿಲ್ಲ.

ಎದೆಮಟ್ಟದ ನೀರು, ಅಷ್ಟೇ. "ಜಾಕೀಟು ಕೂಸಿನ್ನ ಮ್ಯಾಲೆ ಎಳೀತೈತಿ, ಟವಲು ಬಿಡವಲ್ದು. ನೆಂದ ಗಂಟು ಬಿಚ್ಚಾಕ ಬರಂಗಿಲ್ರಿ. ಮುಳುಗಿ ಹಲ್ಲಿಲೆ ಕಚ್ಚಿ ಹರದೆ" ಎನ್ನುತ್ತಾರೆ ಜಮ್ಮುಲಮ್ಮ. ಮೇಲೆತ್ತಿದಾಗ ಪ್ರಶಾಂತಿಯ ತುಟಿ ನೀಲಿಗಟ್ಟಿತ್ತು, ಮೈಯಲ್ಲಿ ಅಲುಗಾಟವಿರಲಿಲ್ಲ. ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ನೀರು ಕಾರಿಕೊಂಡು ಅವಳು ಕಿಟಾರನೆ ಅತ್ತಾಗ, ದಂಡೆಯ ಮೇಲೆ ಎಂಕಪ್ಪ ಹರಿದ ಟವಲು ಕೈಯಲ್ಲಿ ಹಿಡಿದು ಕೂತಿದ್ದರು. ಅವರು ಅಂದಿನಿಂದ ದೋಣಿ ಮುಟ್ಟಿಲ್ಲ. ಜಾಕೆಟ್ ಒಣಹಾಕುವ ಕೆಲಸವಷ್ಟೇ ಅವರದು.

"ನೀಲಿ ದೋಣಿಗೆ ಕೂಸುಗಳನ್ನ ಹತ್ತಿಸಂಗಿಲ್ರಿ ಸಾವುಕಾರ್ರ" ಎಂದು ಮರುದಿನವೇ ಜಮ್ಮುಲಮ್ಮ ಹಟ ಹಿಡಿದರು. ರಾಜಕುಮಾರರಿಗೂ ಎರಡು ಮಕ್ಕಳಿದ್ದಾರೆ, ಅವರು ವಾದಿಸಲಿಲ್ಲ. ಹೊಸದು ಕೊಳ್ಳಲು ಹೈದರಾಬಾದಿಗೆ ಹೋಗುವಾಗ ಈಕೆಯನ್ನೂ ಕರೆದೊಯ್ದರು. ಅಂಗಡಿಯ ನುಣ್ಣನೆ ನೆಲದ ಮೇಲೆ ಈಕೆ ಒಂದೊಂದೇ ಕಯಾಕ್ ಹತ್ತಿ ಕೂತು, "ಈಗ ನನ್ನ ಕೆಡವ್ರಿ" ಎಂದಾಗ ಅಂಗಡಿಯವರು ಕಕ್ಕಾಬಿಕ್ಕಿ. ಕೊನೆಗೆ ಕೆಡವಿದರು. ದೋಣಿ ಮಗುಚಿದರೆ ಕಾಲು ಸಿಕ್ಕಿಕೊಳ್ಳದೆ ಮೈ ಹೊರಬೀಳುವಂಥ ಈ ಕೆಂಪು ಕಯಾಕನ್ನೇ ಈಕೆ ಆರಿಸಿದರು. ಅಗಲ ತಳ, ಮೇಲೇ ಕೂರುವ ಬಗೆ, ಮಗುವಿನ ಜಾಗ ದೊಡ್ಡವರ ಕಣ್ಣೆದುರಿಗೆ. ಮಗುವಿನ ಜಾಕೆಟ್ ಅಂದರೆ ಎರಡೂ ಭುಜ ಹಿಡಿದು ಎತ್ತಿದಾಗ ಕಿವಿಯ ತನಕ ಏರಿ ಬರಬಾರದು, ಕಾಲಸಂದಿನ ಪಟ್ಟಿ ಇರಲೇಬೇಕು. ಭಾನುವಾರ ಹತ್ತು ಹನ್ನೆರಡು ಸಂಸಾರ ಬಂದರೂ ಈ ತಪಾಸಣೆ ತಪ್ಪುವುದಿಲ್ಲ.

ಇತ್ತ ನವನೀತಾ, ಮಗ ಮತ್ತೆ ಹತ್ತಿ ಕೂತಿದ್ದಾರೆ. ಹುಟ್ಟು ತರಲು ಜಮ್ಮುಲಮ್ಮ ಗುಡಿಸಲಿಗೆ ಹೋಗಿ ಬರುತ್ತಾರೆ. ಅದನ್ನು ಕೈಗಿಟ್ಟು, ದೋಣಿಯನ್ನು ನೂಕುತ್ತಾರೆ. ಅದು ನಾಲ್ಕು ಮಾರು ಹೋದಾಗ ಹುಡುಗನ ಜಾಕೆಟ್ಟಿನ ಕೆಳಗಿನಿಂದ ದೋಣಿಯ ಹಿಡಿಕೆಯವರೆಗೆ ಏನೋ ಹಸಿರು ಕಾಣುತ್ತದೆ. ಸೀರೆಯ ಅಂಚು!

"ತಡೀರಿ! ಅಲ್ಲೇ ತಡೀರಿ!"

ಆ ಕೂಗಿಗೆ ಎಂಕಪ್ಪನ ಕೈಯ ಜಾಕೆಟ್ ನೆಲಕ್ಕೆ ಬೀಳುತ್ತದೆ. ಜಮ್ಮುಲಮ್ಮ ನೀರು ಸೀಳಿಕೊಂಡು ಹೋಗಿ ದೋಣಿಯನ್ನು ಅವುಚಿ ಹಿಡಿಯುತ್ತಾರೆ. ಅದೃಷ್ಟಕ್ಕೆ ಹಿಡಿಕೆಯ ಗಂಟು ಇನ್ನೂ ನೆನೆದಿಲ್ಲ, ಬಿಚ್ಚಿಕೊಳ್ಳುತ್ತದೆ. ನವನೀತಾರ ಮುಖ ಬಿಳಿಚಿಕೊಂಡಿದೆ. ಮಗನ ಮೈ ಮರೆಯಾಗಿ, ಮುಂದಿನ ಗಂಟು ಆಕೆಗೆ ಕಂಡಿರಲೇ ಇಲ್ಲ.

ಕಟ್ಟಿದವರು ಅತ್ತೆ. ದೋಣಿ ಮಗುಚಿದ್ದು ಕಂಡು ಜೀವ ಬಾಯಿಗೆ ಬಂದು, ಜಮ್ಮುಲಮ್ಮ ಗುಡಿಸಲಿಗೆ ಹೋದಾಗ, ಸೊಸೆ ಕೂದಲು ಹಿಂಡಿಕೊಳ್ಳುವಾಗ, ಚೀಲದಲ್ಲಿದ್ದ ಹಳೆಯ ಸೀರೆ ಹರಿದು ಮೆಲ್ಲಗೆ ಬಿಗಿದಿದ್ದಾರೆ. "ನೀರಿಗೆ ಹೋಗೋ ಕೂಸಿನ್ನ ಕಟ್ಟಲಾರದ ಹೆಂಗ ಬಿಡೋದ್ರಿ?" ಎಂದು ಮಲ್ಲೇಶ್ವರಿ ಅಳುತ್ತಾರೆ. ಅವರ ತವರೂ ಹೊಳೆದಂಡೆಯೇ.

ಜಮ್ಮುಲಮ್ಮ ಬೈಯುವುದಿಲ್ಲ. ಒದ್ದೆ ಕೈಯಿಂದಲೇ ಅವರ ಕೈ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ತಾಯಿ ಮಗ ನಗುತ್ತ ದಡದಂಚಿನಲ್ಲೇ ಸುತ್ತು ಹಾಕುವುದನ್ನು ಇಬ್ಬರೂ ಕಣ್ಣು ಮಿಟುಕಿಸದೆ ಕಾಯುತ್ತಾರೆ.

ನಿಮಗೇನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ ಜಮ್ಮುಲಮ್ಮ ಮೊಮ್ಮಗಳ ಮಾತು ತೆಗೆಯುತ್ತಾರೆ. ಪ್ರಶಾಂತಿಯ ಕೂದಲನ್ನು ಹುಡುಗರಂತೆ ಕತ್ತರಿಸಿದ್ದಾರಂತೆ. ನೀರಿಗೆ ಬಿದ್ದಂದಿನಿಂದ ಜಡೆಗೆ ಏನನ್ನಾದರೂ ಬಿಗಿಯಲು ಹೋದರೆ ಅವಳು ಉಸಿರು ಕಟ್ಟಿದಂತೆ ಕಿರುಚುತ್ತಿದ್ದಳಂತೆ.

"ಕೂದಲಾ ಬೆಳೀತಾವ್ರಿ, ಅದಕ್ಕೇನು" ಎನ್ನುತ್ತಾರೆ ಜಮ್ಮುಲಮ್ಮ. "ಒಂದಿನ ತಾನಾಗೇ ಬಂದು, ನನಗ ಬೆನ್ನು ಕೊಟ್ಟು ಕುಂತು, 'ಅಜ್ಜಿ, ರಿಬ್ಬನ್ ಕಟ್ಟು' ಅನ್ನಬೇಕ್ರಿ."