ಸಣ್ಣಪ್ಪನ ಗಿಟಾರು, ಊರಿಗೆಲ್ಲ ಪಾಠ
ಹೊನ್ನಾವರದ ಧಕ್ಕೆಯಲ್ಲಿ ಶರಾವತಿ ದಾಟುವ ಲಾಂಚಿಗೆ ಟಿಕೆಟ್ ಹರಿದುಕೊಡುವ ಸಣ್ಣಪ್ಪನ ಕೈಗೆ ಸಿಕ್ಕವರು, ಕುಮಟೆಯಿಂದ ಬಂದವರಾಗಲಿ ಭಟ್ಕಳಕ್ಕೆ ಹೊರಟವರಾಗಲಿ, ಗಿಟಾರಿನ ಪಾಠ ಕೇಳದೆ ಹೊಳೆ ದಾಟಿದ್ದಿಲ್ಲ. ಮುಂಬಯಿ ಹಡಗಿನಿಂದ ಇಳಿದ ಯಾರಿಂದಲೋ ಕೊಂಡ ಆ ವಾದ್ಯ ಟಿಕೆಟ್ ಕಿಂಡಿಯ ಪಕ್ಕದಲ್ಲೇ ತೂಗುತ್ತಿರುತ್ತದೆ. ಟಿಕೆಟಿಗೆ ಚಾಚಿದ ಕೈಯನ್ನೇ ಹಿಡಿದು, "ಎಡಗೈ ಉಗುರು ಇಷ್ಟುದ್ದ ಎಂತಕ್ಕೆ? ತಂತಿ ಒತ್ತೂಕೆ ಆಗೂದಿಲ್ಲ" ಎಂದು ಗದರುತ್ತಾನೆ. ಮೀನಿನ ಬುಟ್ಟಿ ಹೊತ್ತು ನಿಂತ ಮಂಜಿಗೂ ಬಿಡುಗಡೆಯಿಲ್ಲ: "ಮೆತ್ತಗೆ ಬಾರಸ್ಬೇಕು ಮಾರಾಯ್ತಿ, ತೆಂಗಿನಕಾಯಿ ಸುಲಿದಂಗೆ ಅಲ್ಲ." ಮಳೆಗಾಲದಲ್ಲಿ ಮರ ಉಬ್ಬಬಾರದೆಂದು ಗಿಟಾರನ್ನು ಮನೆಯ ಒಲೆಯ ಮೇಲೆ, ಒಣಮೀನಿನ ಜೊತೆ ತೂಗುಹಾಕುತ್ತಾನೆ, ಹಾಗಾಗಿ ಬೇಸಿಗೆಯಲ್ಲೂ ಅವನು ಬಾರಿಸಲು ಕೂತರೆ ಮೊದಲು ಸೇರುವುದು ಧಕ್ಕೆಯ ಬೆಕ್ಕುಗಳು. ಶ್ರುತಿ ತಪ್ಪಿದೆಯೆಂದು ಶಾಲೆಯ ಮಾಸ್ತರರು ಹೇಳಿದರೆ, "ಇದು ನಿಮ್ಮ ತಂಬೂರಿ ಅಲ್ಲ, ಮಾಸ್ತರೇ" ಎಂದು ಅವರಿಗೂ ಪಾಠ. ಇಂಥವನು ಸಂಜೆ ಮನೆಯ ಜಗಲಿಯಲ್ಲಿ ಕೂತರೆ ಮಾತ್ರ ತನ್ನ ಉಪದೇಶ ತಾನೇ ಮರೆತು, ಕಟ್ಟಿಗೆ ಒಡೆದಂತೆ ತಂತಿ ಬಡಿಯುತ್ತಾನೆ. ಜ್ವರದಲ್ಲಿ ಕಿವಿ ಕಳೆದುಕೊಂಡ ಹೆಂಡತಿ ಮಾಸ್ತಮ್ಮ ಪಕ್ಕದಲ್ಲಿ ಕೂತು, ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟಿರುತ್ತಾಳೆ. ಮೆತ್ತಗೆ ಬಾರಿಸಿದರೆ ಅವಳಿಗೆ ಮುಟ್ಟುವುದಿಲ್ಲ. "ದಪ್ಪ ತಂತಿ ಸಡ್ಲ ಆಗ್ಯದೆ, ಕಾಣಿ" ಎನ್ನುತ್ತಾಳೆ. ಊರಲ್ಲಿ ಯಾರ ಮಾತನ್ನೂ ಕೇಳದ ಸಣ್ಣಪ್ಪ ಬಿರಡೆ ತಿರುಗಿಸಿ, ಮತ್ತೆ ಮೀಟಿ, ಹುಬ್ಬೇರಿಸಿ ಅವಳ ಮುಖ ನೋಡುತ್ತಾನೆ. "ಈಗ ಆತು" ಎಂದು ಅವಳು ಹೇಳಿದ ಮೇಲೆಯೇ ಹಾಡು ಮುಂದಕ್ಕೆ ಹೋಗುತ್ತದೆ.