ಬೇರೆ ಒಲೆ, ಬೇರೆ ಪಾತ್ರೆ, ಒಂದೇ ಈಳಿಗೆಮಣೆ

1991ರಲ್ಲಿ ನಾನು ಹನೂರಿಗೆ ಹತ್ತು ಕಿಲೋಮೀಟರ್ ದೂರದ ಒಂದು ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರು ಇಷ್ಟುದ್ದವಿದ್ದರೂ ಊರಿನವರಿಗೆ ನಾನು ಬರೀ ನರ್ಸಮ್ಮ. ಐದು ಹಳ್ಳಿಗಳ ಬಸುರಿ, ಬಾಣಂತಿ, ಲಸಿಕೆ, ಜ್ವರದ ಗುಳಿಗೆ ಎಲ್ಲವೂ ನನ್ನ ಪಾಲಿಗೆ. ವಯಸ್ಸು ಇಪ್ಪತ್ತೆಂಟು, ಬಾಯಿ ಸ್ವಲ್ಪ ಜೋರು. ತಪ್ಪು ಕಂಡರೆ ಬೈದೇ ತಿದ್ದಬೇಕು ಎಂದು ನಂಬಿದ್ದ ಕಾಲ ಅದು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು, ಊರಿನಲ್ಲಿ ಗುಡ್ಡೆಬಾಡು ಹಾಕಿದ್ದರು. ನಾಲ್ಕಾರು ಮನೆಯವರು ಸೇರಿ ಆಡು ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಮಾಡಿ ಹಂಚಿಕೊಳ್ಳುವುದಕ್ಕೆ ಈ ಹೆಸರು. ಮರುದಿನ ಮಧ್ಯಾಹ್ನ ರತ್ನ ಎಂಬ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಆ ಊರಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ.

"ಅತ್ತೆಮ್ಮಂಗೆ ಬೆಳಗ್ಗಿಂದ ವಾಂತಿಭೇದಿ ನರ್ಸಮ್ಮ, ನಿಲ್ತಾನೇ ಇಲ್ಲ. ಮಗೀಗೂ ಅಂಗೇ. ಬ್ಯಾಗ ಬನ್ನಿ."

ಮಗು ಎಂದರೆ ಹಬ್ಬಕ್ಕೆ ತವರಿಗೆ ಬಂದಿದ್ದ ನಾದಿನಿ ಜಯಮ್ಮನ ಐದು ವರ್ಷದ ಮಗಳು. ದಾರಿಯುದ್ದಕ್ಕೂ ನಾನು ರತ್ನಳನ್ನು ಬೈದೆ. ನೀರು ಕಾಯಿಸಿದ್ರಾ, ಮಾಂಸ ಸರಿಯಾಗಿ ಬೇಯಿಸಿದ್ಯಾ, ಕೈ ತೊಳೆದ್ಯಾ? ಎಲ್ಲದಕ್ಕೂ ಅವಳು "ಊ" ಎಂದಳು. ಬೈಸಿಕೊಳ್ಳುವವರು ಇನ್ನೇನು ಹೇಳಿಯಾರು!

ಮನೆಯ ಮುಂದೆ ಎತ್ತಿನ ಗಾಡಿ ಕಟ್ಟಿ ನಿಲ್ಲಿಸಿದ್ದರು. ಒಳಗೆ ಅತ್ತೆ ಪುಟ್ಟತಾಯಮ್ಮ ಚಾಪೆಯ ಮೇಲೆ ಮುದುರಿಕೊಂಡಿದ್ದರು. ಕಣ್ಣು ಒಳಸೇರಿದ್ದವು, ಕೈಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಮೈಯ ನೀರು ಬತ್ತಿರುವುದಕ್ಕೆ ಇದೇ ಗುರುತು. ಮಗುವಿನ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ನಾನು ಓಆರ್‌ಎಸ್ ಪೊಟ್ಟಣ ಕಲಸಿ ಚಮಚದಲ್ಲಿ ಕುಡಿಸತೊಡಗಿದೆ. ಗಾಡಿ ಹನೂರು ಆಸ್ಪತ್ರೆಗೆ ಎಂದುಕೊಂಡಿದ್ದೆ. ಆದರೆ ಅದು ಮದ್ದು ತೆಗೆಯುವವನ ಊರಿಗೆ ಹೊರಡಲು ನಿಂತಿತ್ತು.

ಆ ಕಡೆ ಮದ್ದು ಎಂದರೆ ಆಗದವರು ಊಟದಲ್ಲಿ ಗುಟ್ಟಾಗಿ ಬೆರೆಸುವ ವಿಷ. ಅದನ್ನು ತೆಗೆಯುವವನು ಏನೋ ಕಷಾಯ ಕುಡಿಸಿ ವಾಂತಿ ಮಾಡಿಸುತ್ತಾನೆ. ಮೊದಲೇ ಬತ್ತಿಹೋದ ಆ ಜೀವಕ್ಕೆ ಇನ್ನೊಂದು ಸುತ್ತು ವಾಂತಿಯಾದರೆ ಉಳಿಯುತ್ತಿರಲಿಲ್ಲ.

ಜಯಮ್ಮ ನನ್ನೆದುರೇ ಅತ್ತಿಗೆಯತ್ತ ಬೆರಳು ಮಾಡಿದಳು. "ಬಾಡುಂಡೋರೆಲ್ಲಾ ಗುಂಡುಕಲ್ಲಂಗವ್ರೆ. ನಮ್ಮವ್ವ ಬಾಡು ಮುಟ್ಟೇ ಇಲ್ಲ. ಅವ್ವಂಗೇ ಅಂತ ಬ್ಯಾರೆ ಒಲೆ ಹೂಡಿ, ಬ್ಯಾರೆ ಪಾತ್ರೇಲಿ ಮಾಡಿ ಬಡುಸ್ದೋಳು ಇವಳು. ನನ್ ಕೂಸು ಅಜ್ಜಿ ತಟ್ಟೇಲಿ ಕೈಯಿಕ್ತು, ಅದ್ಕೂ ತಗುಲ್ಕತು. ಇನ್ನೇನ್ ಬೇಕು ಸಾಕ್ಷಿ?"

ಪುಟ್ಟತಾಯಮ್ಮ ಮಾದಪ್ಪನಿಗೆ ಹರಕೆ ಹೊತ್ತು ಬಾಡು ಬಿಟ್ಟು ಮೂರು ವರ್ಷವಾಗಿತ್ತಂತೆ. ಅವರಿಗಾಗಿ ರತ್ನ ಅನ್ನ, ಬೇಳೆಸಾರು, ಸೌತೆಕಾಯಿ ಕೋಸಂಬರಿ ಬೇರೆಯಾಗಿ ಮಾಡಿದ್ದಳು. ಅತ್ತೆಯ ಮೇಲಿನ ಅಕ್ಕರೆಯೇ ಈಗ ಅವಳ ಕುತ್ತಿಗೆಗೆ ಬಂದಿತ್ತು. ಗಂಡ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಅವಳ ಸೀರೆ ಗಂಟನ್ನು ಯಾರೋ ಆಗಲೇ ಜಗಲಿಗೆ ತಂದಿಟ್ಟಿದ್ದರು. ತವರಿಗೆ ಅಟ್ಟುವ ಏರ್ಪಾಡು ಅದು. ಮದ್ದಿಟ್ಟವಳು ಎಂದು ಹೆಸರಾದರೆ ತವರಿನಲ್ಲೂ ಬಾಗಿಲು ತೆರೆಯುವವರು ಕಡಿಮೆ.

ಬಾವಿ ನೀರೇ ಕಾರಣವೆಂದು ಬ್ಲೀಚಿಂಗ್ ಪೌಡರ್ ಡಬ್ಬಿ ಹಿಡಿದುಕೊಂಡೇ ಹೋಗಿದ್ದವಳು ನಾನು. ಆದರೆ ಆ ನೀರನ್ನು ಕೇರಿಯೇ ಕುಡಿದಿತ್ತು, ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಗಾಡಿಯ ಮುಂದೆ ನಿಂತು ಕೂಗಾಡಿದೆ, ಬೇಡಿಕೊಂಡೆ. ಕೊನೆಗೆ, "ಮೊದಲು ಹನೂರಲ್ಲಿ ಡ್ರಿಪ್ ಹಾಕಿಸಿ. ಆಮೇಲೆ ಎಲ್ಲಿಗಾದರೂ ಹೋಗಿ, ನಾನು ತಡೆಯಲ್ಲ. ಅಲ್ಲೀವರೆಗೂ ಈ ಹುಡುಗಿ ಇಲ್ಲೇ ಇರಲಿ" ಎಂದೆ. ರತ್ನಳ ಗಂಡ ಮೊದಲ ಸಲ ತಲೆಯೆತ್ತಿ, "ಆಗ್ಲಿ ನಡೀರಿ" ಎಂದ. ಗಾಡಿ ಹನೂರಿನ ಕಡೆ ತಿರುಗಿತು. ದಾರಿಯಲ್ಲಿ ಕುಡಿಸಲೆಂದು ಕಲಸಿದ ನೀರಿನ ಚೊಂಬನ್ನು ಜಯಮ್ಮನ ಕೈಗೇ ಕೊಟ್ಟೆ.

ಮನೆ ಬರಿದಾದ ಮೇಲೆ ರತ್ನ ಅಡುಗೆಮನೆಯ ಮೂಲೆಯಲ್ಲಿ ಕುಸಿದು ಕೂತಳು. ನನಗೆ ದಾರಿಯಲ್ಲಿ ಬೈದದ್ದು ನೆನಪಾಗಿ ನಾಚಿಕೆಯಾಯಿತು. ಪಕ್ಕದಲ್ಲೇ ಕೂತು, "ಏನೂ ಹೇಳಬೇಡ. ನಿನ್ನೆ ಬಾಡು ಬಂದಾಗಿನಿಂದ ಏನೇನು ಮಾಡಿದೆಯೋ ಹಾಗೇ ಮಾಡಿ ತೋರಿಸು" ಎಂದೆ.

ಅವಳು ಎದ್ದು, ಈಳಿಗೆಮಣೆ ಹಾಕಿಕೊಂಡು, ಅದರ ಮೇಲೆ ಕಾಲಿಟ್ಟು ಕೂತಳು. "ಬಾಡ ಇಂಗ್ ಎಚ್ಚಿದೆ. ಈ ಬಟ್ಟೇಲಿ ಮಣೆ ಒರೆಸ್ದೆ. ಕೈಯ ನೀರಲ್ಲಿ ಅದ್ಕಂಡೆ. ಸೌತೆಕಾಯ ಮೂರು ನೀರಲ್ಲಿ ತೊಳದು ಎಚ್ಚಿ, ನೆನೆದ ಬೇಳೆಗೆ ಕಲುಸ್ದೆ."

"ಅದೇ ಮಣೇಲಾ?"

"ಇನ್ನೆಲ್ಲಿದ್ದದು ನರ್ಸಮ್ಮ? ಇರಾದು ಅದೊಂದೇಯ."

ಕೋಸಂಬರಿ ಕಲಸಿದ್ದು ಬೆಳಿಗ್ಗೆ ಒಂಬತ್ತಕ್ಕೆ, ಉಂಡದ್ದು ಎರಡು ಗಂಟೆಗೆ. ನಾನು ತಲೆಯ ಪಿನ್ನು ತೆಗೆದು, ಅಲಗು ಮರಕ್ಕೆ ಸೇರುವ ಸಂದಿಯನ್ನು ಕೆದಕಿದೆ. ಎಳೆಯಷ್ಟು ಮಾಂಸ ಬಂತು. ಹಸಿ ಮಾಂಸದಲ್ಲಿರುವ ರೋಗಾಣು ಕುದಿಯುವ ಸಾರಿನಲ್ಲಿ ಸಾಯುತ್ತದೆ. ಅದೇ ಅಲಗು, ಅದೇ ಬಟ್ಟೆ, ಸೋಪು ಕಾಣದ ಅದೇ ಕೈಯಿಂದ ಬೇಯಿಸದ ತಿನಿಸಿಗೆ ಹತ್ತಿದರೆ ಅಲ್ಲಿ ಬೆಳೆಯುತ್ತದೆ. ಕ್ರಾಸ್ ಕಂಟ್ಯಾಮಿನೇಷನ್ ಎಂದು ತರಬೇತಿಯಲ್ಲಿ ಉರುಹೊಡೆದು, ಪರೀಕ್ಷೆ ಬರೆದು, ನಾನೇ ಮರೆತಿದ್ದ ಪಾಠ. ಬಾಡುಂಡವರು ಉಳಿದು, ಬಾಡು ಬಿಟ್ಟವರು ಮಲಗಿದ್ದೇಕೆ ಎಂಬುದು ಆಗ ತಿಳಿಯಿತು. ಲ್ಯಾಬಿನ ಪುರಾವೆ ಇರಲಿಲ್ಲ, ಆದರೆ ನನಗೆ ಅನುಮಾನವೂ ಉಳಿಯಲಿಲ್ಲ.

ಅದನ್ನು ಬಿಡಿಸಿ ಹೇಳಿದ ಮೇಲೆ ರತ್ನ ಇನ್ನಷ್ಟು ಬಿಳಿಚಿಕೊಂಡಳು. "ಅಂಗಾರೆ ಅತ್ತೆಮ್ಮನ ಬಾಯ್ಗೆ ಬಾಡಿನ ರಸ ಓಯ್ತಾ? ಅರಕೆ ಕೆಡ್ತಾ? ಯಾರ್ಗೂ ಏಳ್ಬ್ಯಾಡಿ ನರ್ಸಮ್ಮ, ನಿಮ್ ದಮ್ಮಯ್ಯ." ಹೇಳದಿದ್ದರೆ ಮದ್ದಿಟ್ಟವಳು, ಹೇಳಿದರೆ ಹರಕೆ ಕೆಡಿಸಿದವಳು. ಹೇಳುವುದೇ ಸರಿ ಎಂದು ತೀರ್ಮಾನಿಸಲು ನನಗೆ ಮೂರು ದಿನ ಬೇಕಾಯಿತು.

ನಾಲ್ಕನೆಯ ದಿನ ಪುಟ್ಟತಾಯಮ್ಮ ಚೇತರಿಸಿಕೊಂಡು ಮನೆಗೆ ಬಂದರು. ಮಗುವೂ ಆಡುತ್ತಿತ್ತು. ಎಲ್ಲರನ್ನೂ ಕೂರಿಸಿ, ಈಳಿಗೆಮಣೆ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಯಮ್ಮ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಕೈಯೆತ್ತಿ ತಡೆದರು.

"ಸುಮ್ನಿರು ಜಯಾ. ಒರೆಸ್ಕಂಡು ಎಚ್ಚೋದ ಅವ್ಳಿಗ್ ಕಲ್ಸ್ದೋಳು ನಾನು. ನಂಗೆ ನಮ್ಮತ್ತೆ ಕಲ್ಸಿದ್ರು. ಮಾದಪ್ಪಂಗೆ ನಾನೇ ತಪ್ಪುಕಾಣಿಕೆ ಕಟ್ತೀನಿ. ಆ ಸೀರೆಗಂಟ ಒಳೀಕ್ ತಕಂಡೋಗವ್ವ ರತ್ನ."

ರತ್ನ ಗಂಟನ್ನು ಎದೆಗವುಚಿಕೊಂಡು ಒಳಗೆ ಹೋದಳು. ಅವಳು ಬಿಕ್ಕುವುದು ಹೊರಗೆ ಕೇಳಿಸುತ್ತಿತ್ತು. ನನ್ನ ಕೆಲಸ ಮುಗಿಯಿತೆಂದು ಹಗುರಾಗಿ ಏಳುತ್ತಿದ್ದೆ. ಪುಟ್ಟತಾಯಮ್ಮ ನನ್ನ ಕೈ ಹಿಡಿದು, ಬೇರೆ ಯಾರಿಗೂ ಕೇಳಿಸದಂತೆ ಕೇಳಿದರು:

"ನನ್ ಎರಡ್ನೇ ಕೂಸು, ಗಂಡು, ಒಂದು ಹೊಸತೊಡಕಾದ ಮಾರ್ನೆ ದಿನ ಇಂಗೇ ವಾಂತಿಭೇದೀಲಿ ಓಯ್ತು. ಆಗ ಯಾರ್ದೋ ಕಣ್ಣು ಬಿತ್ತು ಅಂದ್ರು. ಅದೂ ಈ ಮಣೆಯಿಂದ್ಲೇ ಓಯ್ತಾ ನರ್ಸಮ್ಮ?"

"ಗೊತ್ತಿಲ್ಲ ಅವ್ವಾ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವರ ಕೈ ಬಿಡಿಸಿಕೊಳ್ಳಲಾಗದೆ ಮತ್ತೆ ಅಲ್ಲೇ ಕೂತೆ.

ಆಮೇಲೆ ಹನೂರು, ಯಳಂದೂರು, ಕೊಳ್ಳೇಗಾಲದ ಎಷ್ಟೋ ಅಡುಗೆಮನೆಗಳಲ್ಲಿ ಇದೇ ಪಾಠ ಹೇಳಿದೆ. ಹಸಿ ತಿನ್ನುವುದನ್ನು ಮೊದಲು ಹೆಚ್ಚಿ ಮುಚ್ಚಿಡಿ, ಮಾಂಸ ಕೊನೆಗೆ. ಆಮೇಲೆ ಅಲಗು, ಮಣೆ, ಕೈ ಮೂರನ್ನೂ ಸೋಪು ಹಾಕಿ ತೊಳೆಯಿರಿ, ಮಣೆಗೆ ಕುದಿನೀರು ಸುರಿಯಿರಿ, ಒರೆಸಿದ ಬಟ್ಟೆಯನ್ನೂ ಕುದಿಸಿ. ಇಷ್ಟೇ ಮಾತು. ಆದರೆ ಅದನ್ನು ಮತ್ತೆಂದೂ ಬೈದು ಹೇಳಲಿಲ್ಲ. ಎದುರಿಗೆ ಕೂತು ಕೇಳುತ್ತಿರುವ ತಾಯಿ ಯಾವ ಮಗುವನ್ನು ನೆನೆಯುತ್ತಿದ್ದಾಳೋ, ನನಗೆ ಹೇಗೆ ಗೊತ್ತು?