ಕೆಂಚಿಯ ಮೇಲೆ ಬಂದ ಮಾತು

ಮೊನ್ನೆ ನಮ್ಮ ಬೀದಿಯ ಅಂಗಡಿಯವನು ಹೊಗೆಸೊಪ್ಪಿನ ಕಟ್ಟು ಬಿಚ್ಚಿ ಜಗಲಿಯ ಮೇಲೆ ಬಿಸಿಲಿಗೆ ಹರವಿದ್ದ. ಬೂಷ್ಟು ಹಿಡಿದಿತ್ತಂತೆ. ಆ ಘಾಟು ನೇರವಾಗಿ ನಮ್ಮ ಹಜಾರಕ್ಕೇ ಬಂತು. ಅಕ್ಕಿ ಆರಿಸುತ್ತ ಕೂತಿದ್ದ ನಾನು ಮೊರವನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದೆ. ಸೊಸೆ ಕಿಟಕಿ ಮುಚ್ಚಿದಳು. ಅತ್ತೆಗೆ ಹೊಗೆಸೊಪ್ಪು ಆಗುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಆಗುವುದಿಲ್ಲ ಅಂತ ಯಾರೂ ಕೇಳಿದವರಲ್ಲ. ಕೇಳಿದ್ದರೆ ತಲೆನೋವು ಅಂತ ಸುಳ್ಳು ಹೇಳುತ್ತಿದ್ದೆನೇನೋ. ಕಾಡು ಬಾ ಅನ್ನುವ ವಯಸ್ಸಿನಲ್ಲಿ ಇನ್ನೆಂಥ ಸುಳ್ಳು? ಹೇಳಿಬಿಡುತ್ತೇನೆ.

ಆಗ ನನಗೆ ಹತ್ತೊಂಬತ್ತಿರಬೇಕು. ಸಂಸ್ಥಾನದ ಕುದುರೆ ದಳದ ಜೊತೆ ಗುಮಾಸ್ತರಾಗಿ ನಮ್ಮ ಯಜಮಾನರು ಸಮುದ್ರ ದಾಟಿ ಮೊದಲನೇ ಮಹಾಯುದ್ಧಕ್ಕೆ ಹೋಗಿದ್ದರು. ಮೂರು ತಿಂಗಳಿಗೊಂದು ಕಾಗದ ಬಂದರೆ ಪುಣ್ಯ. ಅದರಲ್ಲೂ ಗುಟ್ಟು ಹೊರಗೆ ಹೋಗಬಾರದೆಂದು ದಂಡಿನವರು ಅರ್ಧಕ್ಕರ್ಧ ಮಸಿ ಬಳಿದಿರುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನ ಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಇಲಿ ಸತ್ತು ಬಿದ್ದವು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ನಮ್ಮತ್ತೆ ನನ್ನನ್ನು ತಮ್ಮ ಅಣ್ಣನ ತೋಟದ ಮನೆಗೆ ಕಳಿಸಿದರು. ಕ್ಲೋಸ್‌ಪೇಟೆಯಲ್ಲಿ ರೈಲು ಇಳಿದು, ಮಾಗಡಿ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಅರ್ಧ ದಿನ. ಈಗ ಆ ಊರನ್ನು ರಾಮನಗರ ಅನ್ನುತ್ತಾರೆ, ನನ್ನ ಬಾಯಿಗೆ ಇನ್ನೂ ಕ್ಲೋಸ್‌ಪೇಟೆಯೇ ಬರುತ್ತದೆ.

ತೋಟ ಚೆನ್ನಾಗಿತ್ತು, ಇಲ್ಲ ಅನ್ನಬಾರದು. ರಸಪುರಿ, ಬಾದಾಮಿ ಮಾವು, ಬಾವಿಯ ಹತ್ತಿರ ಎರಡು ಹಲಸು, ಮನೆ ಮುಂದೆ ಮಲ್ಲಿಗೆ ಪಾತಿ, ಹಿಂದೆ ಹಿಪ್ಪುನೇರಳೆ ಕಡ್ಡಿ ತೋಟ. ಚೆನ್ನಾಗಿದ್ದು ಏನು ಮಾಡುವುದು, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಅತ್ತೆಯ ಆ ಅಣ್ಣ, ನಾನು ಮಾವ ಅನ್ನುತ್ತಿದ್ದವರು, ವ್ಯಾಪಾರ ಅಂತ ಕ್ಲೋಸ್‌ಪೇಟೆಯಲ್ಲೇ ಇರುತ್ತಿದ್ದರು, ಸೋಮವಾರಕ್ಕೊಮ್ಮೆ ಬರುತ್ತಿದ್ದರು. ಅವರ ತಾಯಿ, ಎಲ್ಲರೂ ಅಜ್ಜಿ ಅನ್ನುತ್ತಿದ್ದವರು, ಕಿವಿ ಕೇಳದವರು. ಬೆಳಿಗ್ಗೆಯೆಲ್ಲ ಶಿವಪೂಜೆ, ಮಧ್ಯಾಹ್ನವೆಲ್ಲ ಎಲೆಯಡಿಕೆ ಹೊಗೆಸೊಪ್ಪು ಹಾಕಿಕೊಂಡು ನಿದ್ದೆ. ಗಾಳಿ ತಿರುಗಿದರೆ ದೂರದ ರೈಲಿನ ಕೂಗು ಕೇಳುತ್ತಿತ್ತು. ಅದನ್ನು ಕೇಳಿಯೇ ಅತ್ತುಬಿಡುತ್ತಿದ್ದೆ... ಹುಚ್ಚುಮುಂಡೇದು, ಯಾವ ರೈಲು ಕೂಗಿದರೇನು, ಸಮುದ್ರದಾಚೆಯಿಂದ ರೈಲು ಬರುತ್ತದೆಯೇ?

ಆ ಬೇಸಿಗೆಯಲ್ಲಿ ನನ್ನನ್ನು ಮಾತಾಡಿಸಿದವನು ತೋಟದಯ್ಯ ಒಬ್ಬನೇ. ಅರವತ್ತರ ಮುದುಕ. ತೋಟ ನೋಡುವವನೂ ಅವನೇ, ಕಪಿಲೆ ಹೊಡೆದು ನೀರೆತ್ತುವವನೂ ಅವನೇ, ಮನೆಯ ಪಕ್ಕದ ಉದ್ದನೆಯ ಹಂಚಿನ ಮನೆಯಲ್ಲಿ ರೇಷ್ಮೆ ಹುಳ ಸಾಕುವವನೂ ಅವನೇ. ಅವನಿಗೆ ಎರಡು ನಾಯಿ, ಕರಿಯ ಮತ್ತು ಕೆಂಚಿ. ಬೆಟ್ಟದ ಕಡೆಯಿಂದ ಚಿರತೆ ಇಳಿಯುತ್ತಿತ್ತು, ಮಾವಿನಕಾಯಿಗೆ ಹಂದಿ ಬರುತ್ತಿದ್ದವು, ಅದಕ್ಕೆ ಮಾವ ನಾಯಿಗಳನ್ನು ಸಹಿಸಿಕೊಂಡಿದ್ದರು ಅಷ್ಟೆ. ಬಿಸಿಲೇರಿದರೆ ಎರಡೂ ಆಗ ತಾನೇ ನೀರು ಬಿಟ್ಟ ಮಲ್ಲಿಗೆ ಪಾತಿಯನ್ನೇ ಕೆರೆದು ಹೊಟ್ಟೆ ತಣ್ಣಗೆ ಮಾಡಿಕೊಂಡು ಮಲಗುತ್ತಿದ್ದವು. "ಏಳ್ಲಾ ಅಮಲ್ದಾರ್ರ ಮಗ್ನೇ, ಏಳವ್ವಾ ಪಟ್ಟದ್ರಾಣಿ" ಅಂತ ತೋಟದಯ್ಯ ಬೈಯುತ್ತಿದ್ದ. ಅವು ಬಾಲ ಮಾತ್ರ ಆಡಿಸುತ್ತಿದ್ದವು, ಏಳುತ್ತಿರಲಿಲ್ಲ. ಮುದ್ದೆ ತಟ್ಟಿದರೆ ಮೊದಲ ತುತ್ತು ಕೆಂಚಿಗೆ. ತಾನು ಉಣ್ಣುವುದು ಆಮೇಲೆ.

ಯಾಕೆ ಹಾಗೆ ಅಂತ ಒಂದು ದಿನ ಕೇಳಿದೆ. ಹಿಂದೆ ಪ್ಲೇಗು ಬಂದಾಗ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಹೋಗಿದ್ದರು. ಊರವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಆ ಖಾಲಿ ಮನೆಯ ಬಾಗಿಲಲ್ಲಿ ಮನೆಯ ನಾಯಿಯೊಂದೇ ಕಾದು ಮಲಗಿತ್ತಂತೆ. ಕೆಂಚಿ ಅದರ ಮರಿ. "ನಮ್ಮನೇದು ಅಂತ ಉಸುರಾಡೋದು ಇನ್ನು ಇದೊಂದೇಯ ಅವ್ವಾರೇ" ಅಂದ.

ಮಧ್ಯಾಹ್ನ ಹೊತ್ತು ಹೋಗದೆ ಅವನ ಜೊತೆ ಹುಳಕ್ಕೆ ಸೊಪ್ಪು ಹೆಚ್ಚಲು ಕೂರುತ್ತಿದ್ದೆ. ಕೆಂಚಿ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು. ನನ್ನ ತವರು ಮಾಗಡಿಯ ಆಚೆ, ರಾಗಿ ಹುರುಳಿಯ ಸೀಮೆ. ನಮ್ಮಲ್ಲಿ ಹುಳದ ಕಸುಬು ಇರಲಿಲ್ಲ. ಹುಳದ ಮನೆಯ ಮಡಿ ಕೇಳಿ ನನಗೆ ನಗುವೋ ನಗು. ಕಾಲು ತೊಳೆಯದೆ ಹೋಗಬಾರದು, ಒಗ್ಗರಣೆ ವಾಸನೆ ತಗಲಬಾರದು, ಮುಟ್ಟಾದವರ ನೆರಳು ಬೀಳಬಾರದು, ಹುಳವನ್ನು ನೋಡಿ ಅಯ್ಯೋ ಅನ್ನಬಾರದು, ಹೊಗೆಸೊಪ್ಪು ಮುಟ್ಟಿದ ಕೈ ಸೋಕಬಾರದು, ನಾಯಿ ಹೊಸಿಲು ದಾಟಬಾರದು. ಬರೀ ಬಾರದು, ಬಾರದು. ನಿನ್ನ ಹುಳಕ್ಕೆ ನಮ್ಮತ್ತೆಗಿಂತ ಮಡಿ ಜಾಸ್ತಿ ಅಂತ ರೇಗಿಸಿದೆ.

"ನಗಬ್ಯಾಡಿ ಅವ್ವಾರೇ. ಬಾಯಿಲ್ಲದ ಜೀವ. ಇಂಥದ್ದು ನಂಗಾಗಲ್ಲ ಅಂತ ಅದು ಯೋಳಕಾಯ್ತದಾ? ನಾವೇ ತಿಳ್ಕಂಡು ನಡೀಬೇಕು" ಅಂದ.

ನಾನು ತಿಳಿದುಕೊಳ್ಳಲಿಲ್ಲ. ಅಷ್ಟು ಬಾರದುಗಳಲ್ಲಿ ನಿಜವಾದ್ದು ಯಾವುದು, ಸುಮ್ಮನೆ ಹೇಳಿಕೊಂಡು ಬಂದದ್ದು ಯಾವುದು ಅಂತ ಯೋಚಿಸಲೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ನಕ್ಕುಬಿಟ್ಟೆ.

ಹುಳ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ಮುಗಿದರೆ ಹೊಟ್ಟೆಬಾಕ ಹಸಿವು, ಏಳೆಂಟು ದಿನದಲ್ಲಿ ಗೂಡು ಕಟ್ಟುತ್ತವೆ. ಆ ದಿನಗಳಲ್ಲೇ ಕೆಂಚಿಯ ಕಿವಿಯೊಳಗೆ, ಕುತ್ತಿಗೆಯ ಸುತ್ತ ಉಣ್ಣಿ ಹತ್ತಿ, ರಕ್ತ ಕುಡಿದು ಹುಣಸೆ ಬೀಜದಷ್ಟು ದಪ್ಪವಾಗಿದ್ದವು. ಪಾಪದ್ದು ಕೆರೆದೂ ಕೆರೆದೂ ಕಿವಿ ಹುಣ್ಣು ಮಾಡಿಕೊಂಡಿದ್ದಳು. ತವರಿನಲ್ಲಿ ನಮ್ಮಪ್ಪ ದನಗಳಿಗೆ ಉಣ್ಣಿ ಹತ್ತಿದರೆ ಹೊಗೆಸೊಪ್ಪಿನ ಕಡ್ಡಿ ಕುದಿಸಿ ಆ ನೀರಿನಲ್ಲಿ ಮೈ ತೊಳೆಯುತ್ತಿದ್ದರು. ಅಜ್ಜಿ ಮಲಗಿದ್ದಾಗ ಅವರ ಪೆಟ್ಟಿಗೆಯಿಂದ ಒಂದು ಹಿಡಿ ಕಡ್ಡಿ ತೆಗೆದು, ಹಿತ್ತಲ ಒಲೆಯಲ್ಲಿ ಕುದಿಸಿ, ಆರಿಸಿ, ಕೆಂಚಿಯ ಮೈಗೆಲ್ಲ ಹುಯ್ದು ತಿಕ್ಕಿದೆ. ಉಣ್ಣಿ ಪಟಪಟ ಉದುರಿದವು. ಏನು ಹೆಮ್ಮೆ ನನಗೆ! ತೋಟದಯ್ಯ ಬಾವಿಯ ಹತ್ತಿರ ಕಪಿಲೆ ಹೊಡೆಯುತ್ತಿದ್ದ, ಬಂದಾಗ ತೋರಿಸಬೇಕು ಅಂದುಕೊಂಡೆ.

ಕೆಂಚಿ ನನ್ನ ಕೈ ತಪ್ಪಿಸಿಕೊಂಡು ಓಡಿದವಳು ತಂಪು ಹುಡುಕಿಕೊಂಡು ಹುಳದ ಮನೆಯ ಇಳಿಜಾರು ಮಾಡಿನ ಕೆಳಗೆ ಹೋದಳು. ಅಲ್ಲಿ ಸಾಯಂಕಾಲದ ಮೇವಿಗೆ ಸೊಪ್ಪಿನ ರಾಶಿ ಹಾಕಿ, ಬಾಡದಿರಲೆಂದು ಒದ್ದೆ ಗೋಣಿ ಹೊದಿಸಿತ್ತು. ಅದರ ಮೇಲೆ ಹತ್ತಿ ಮೈ ಕೊಡವಿ, ಹೊರಳಿ, ಸುಖವಾಗಿ ಮಲಗಿಬಿಟ್ಟಳು. ನಾನು ಓಡಿಹೋಗಿ ಎಬ್ಬಿಸಿ ಓಡಿಸಿದೆ. ಎರಡು ಚೆಂಬು ನೀರು ತಂದು ಗೋಣಿಯ ಮೇಲೆ ಚಿಮುಕಿಸಿದೆ, ಮಣ್ಣು ಹೋಗಲಿ ಅಂತ. ಮಣ್ಣು ಹೋಗಿರಬೇಕು. ವಿಷವನ್ನು ನಾನೇ ಕೈಯಾರೆ ಸೊಪ್ಪಿಗೆ ಇಳಿಸಿದ್ದೆ.

ಮಾರನೆಯ ಬೆಳಿಗ್ಗೆ ಹುಳದ ಮನೆಯಲ್ಲಿ ಮೇಯುವ ಸದ್ದೇ ಇರಲಿಲ್ಲ. ಬಿದಿರು ತಟ್ಟೆಗಳಲ್ಲಿ ಹುಳಗಳೆಲ್ಲ ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಕಂದು ನೀರು ಸುರಿಯುತ್ತಿತ್ತು. ಹೊತ್ತೇರುವಷ್ಟರಲ್ಲಿ ಮುಕ್ಕಾಲು ಪಾಲು ಸತ್ತು ಮಲಗಿದವು. ತೋಟದಯ್ಯ ನೆಲದಲ್ಲಿ ಕೂತು ಮಿಕ್ಕ ಸೊಪ್ಪನ್ನು ಒಂದೊಂದೇ ಎಲೆಯಾಗಿ ಎತ್ತಿ ನೋಡುತ್ತಿದ್ದ. ಅದು ನನ್ನ ಕೆಲಸ ಅಂತ ಅಲ್ಲೇ, ಆ ಕ್ಷಣವೇ ನನಗೆ ಗೊತ್ತಾಯಿತು.

ಅವತ್ತು ಸೋಮವಾರ. ಮಾವ ಗಾಡಿ ಇಳಿದು ನೇರ ಅಲ್ಲಿಗೇ ಬಂದರು. ತಟ್ಟೆಗಳನ್ನು ನೋಡಿದರು. ಹೊರಗೆ ಬಂದು ಗೋಣಿಯನ್ನು ಎತ್ತಿದಾಗ ಅದರಲ್ಲಿ ಕೆಂಪು ಕೂದಲು ಅಂಟಿತ್ತು.

"ಯಾವ ನಾಯ್ಲಾ ಇದು?"

ತೋಟದಯ್ಯ ಗೋಣಿಯನ್ನು ಇಸಿದುಕೊಂಡ. ಕೂದಲು ನೋಡಿದ. ಆಮೇಲೆ ಗೋಣಿಯನ್ನು ಮೂಗಿನ ಹತ್ತಿರ ಹಿಡಿದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಸಲ ನೋಡಿದ. ಗೋಣಿಯನ್ನು ಮಡಿಸಿ ನೀರಿನ ತೊಟ್ಟಿಗೆ ಹಾಕಿದ.

"ಕೆಂಚಿ, ಬುದ್ದಿ" ಅಂದ.

ನಾಯಿ ತುಳಿದು ಮಡಿ ಕೆಟ್ಟಿತು, ಅದಕ್ಕೇ ಹುಳ ಹೋದವು ಅಂತ ಮಾವ ತೀರ್ಮಾನ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಳೆ ಬೆಳಗಾಗುವುದರೊಳಗೆ ಆ ನಾಯಿ ಇರಕೂಡದು, ಆಳು ಕಳಿಸಿ ಹೊಡೆಸುತ್ತೇನೆ ಅಂದರು. ಬಾಯಿ ತೆರೆಯಲು ನನಗೆ ಅದೇ ಸಮಯ. ನಾಲಿಗೆ ಏಳಲಿಲ್ಲ. ಗಂಡ ಯುದ್ಧದಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಕಾಲಿಟ್ಟ ಮನೆಯಲ್ಲಿ ಇಡೀ ಬೆಳೆ ಕೈಯಾರೆ ಕೊಂದಳು ಅಂದರೆ ನನ್ನ ಕಾಲ್ಗುಣದ ಮಾತು ಬೆಂಗಳೂರಿಗೆ ಹೋಗಲು ಎಷ್ಟು ಹೊತ್ತು? ಆಮೇಲೆ ಯುದ್ಧದಲ್ಲಿ ಯಜಮಾನರಿಗೆ ಏನಾದರೂ ಆದರೆ, ಅದೂ ನನ್ನ ಕಾಲ್ಗುಣವೇ. ಹೆದರಿದೆ. ಬರೀ ಹೆದರಿಕೆ, ಬೇರೇನೂ ಇಲ್ಲ.

"ಹೊಡಸಬ್ಯಾಡಿ ಬುದ್ದಿ. ನಾನೇ ಕರ್ಕೊಂಡು ಹೊಂಟೋಯ್ತೀನಿ. ಕರಿಯ ಇಲ್ಲೇ ಇರ್ಲಿ, ಚಿರತೆ ಕಾಟ ಐತೆ" ಅಂದ ತೋಟದಯ್ಯ. ಮಾವ ಅವನು ಹೋಗುತ್ತಾನೆಂದು ಎಣಿಸಿರಲಿಲ್ಲ, ಮುಖ ಸಪ್ಪಗಾಯಿತು. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಮನುಷ್ಯರಲ್ಲ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಪಾತಿಗಳಿಗೆಲ್ಲ ನೀರು ಬಿಟ್ಟ. ಆಮೇಲೆ ಒಂದು ಕಂಬಳಿ, ಒಂದು ಮಡಕೆ ಗಂಟು ಕಟ್ಟಿಕೊಂಡ. ಕೆಂಚಿಗೆ ಹಗ್ಗ ಕಟ್ಟಿ ಅಭ್ಯಾಸವಿರಲಿಲ್ಲ, ಆಟವೆಂದು ತಿಳಿದು ಹಗ್ಗವನ್ನೇ ಕಚ್ಚುತ್ತಿದ್ದಳು. ಬೇಲಿಯ ತಡಿಕೆಯ ಹತ್ತಿರ ನಾನು ಓಡಿಹೋಗಿ ನಿಂತೆ. ಮಾವನಿಗೆ ಹೇಳಿಬಿಡುತ್ತೇನೆ ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅದುವರೆಗೂ ಅವ್ವಾರೇ ಅನ್ನುತ್ತಿದ್ದವನು ನನ್ನ ತಲೆ ಮೇಲೆ ಕೈ ಇಟ್ಟ. "ಬ್ಯಾಡ ಮಗಾ. ನಾಯಿ ಮ್ಯಾಲೆ ಬಂದ ಮಾತು ಎಲ್ಡು ದಿನ ಇರ್ತದೆ, ಹೊಂಟೋಯ್ತದೆ. ನಿನ್ ಮ್ಯಾಲೆ ಬಂದ್ರೆ ಸಾಯೋಗಂಟ ಬುಡಾಕಿಲ್ಲ. ಒಳ್ಳೇದಕ್ಕೇ ಮಾಡ್ದೆ, ನೋಡು, ಒಂದು ಉಣ್ಣಿ ಇಲ್ಲ ಇದ್ರ ಮೈಮ್ಯಾಲೆ."

ಅವನು ಬೇಡ ಅಂದಾಗ ನನಗೆ ಸಮಾಧಾನವಾಯಿತು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇದನ್ನೇ. ಅಳುತ್ತಲೇ, ಸದ್ಯ ಉಳಿದೆ ಅಂದುಕೊಂಡೆ... ಅವರು ಸಾವನದುರ್ಗದ ಕಡೆಯ ಕಾಲುದಾರಿ ಹಿಡಿದು ಹೋದರು. ಕರಿಯ ತಡಿಕೆಯ ಹತ್ತಿರ ಸಂಜೆಯವರೆಗೆ ಕೂತಿದ್ದ. ಮೂರು ದಿನ ಮುದ್ದೆ ಮೂಸಲಿಲ್ಲ. ನಾನು ತುತ್ತು ಮಾಡಿ ಕೊಟ್ಟರೆ ಮುಖ ತಿರುಗಿಸುತ್ತಿದ್ದ.

ಆಮೇಲಿನ ದಿನಗಳು ಹೇಗೆ ಕಳೆದವೋ. ಮಾವಿನಹಣ್ಣು ಉದುರುತ್ತಿದ್ದವು, ಎತ್ತುವವರಿಲ್ಲ. ಹೊಸ ಆಳು ಬಂದ, ಅವನಿಗೆ ನನ್ನ ಜೊತೆ ಮಾತು ಬೇಕಿರಲಿಲ್ಲ. ಮಳೆ ಹಿಡಿದ ಮೇಲೆ ಬೆಂಗಳೂರಿಗೆ ಹೋದೆ.

ನಮ್ಮ ಯಜಮಾನರು ಬದುಕಿ ಬಂದರು. ಬಂದ ವಾರದೊಳಗೆ ಹುಳ ಸತ್ತ ಸಂಗತಿಯನ್ನು ಅವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನಡಿ, ಅವನನ್ನು ಹುಡುಕೋಣ" ಅಂದರು. ಅಷ್ಟು ಹೊತ್ತಿಗೆ ಊರೂರನ್ನೇ ಮಲಗಿಸಿದ ಆ ದೊಡ್ಡ ಇನ್‌ಫ್ಲುಯೆಂಜಾ ಜ್ವರದಲ್ಲಿ ಮಾವನೂ ಹೋಗಿದ್ದರು, ಅಜ್ಜಿಯೂ ಹೋಗಿದ್ದರು. ತೋಟ ಬೇರೆಯವರ ಕೈಗೆ ಹೋಗಿತ್ತು. ನಾವಿಬ್ಬರೂ ಮಾಗಡಿ ಸಂತೆಗೆ ಹೋಗಿ, ಆ ಕಡೆಯ ಹಳ್ಳಿಗಳಿಂದ ಬಂದವರನ್ನೆಲ್ಲ ವಿಚಾರಿಸಿದೆವು. ಒಬ್ಬ ಮುದುಕ, ಜೊತೆಗೊಂದು ಕೆಂಪು ನಾಯಿ ಅಂದೆ. ಒಬ್ಬಾಕೆ ಬೆಲ್ಲ ಮಾರುತ್ತಿದ್ದಳು, ಒಳ್ಳೆಯವಳು. "ಹುಡುಕ್ಕೊಡಾನ ಬುಡವ್ವ, ಅದೇನು ಮಹಾ. ಹೆಸ್ರೇನು ಆವಯ್ಯಂದು?" ಅಂದಳು.

ನನಗೆ ಗೊತ್ತಿರಲಿಲ್ಲ.

ನಮ್ಮ ಯಜಮಾನರು ನನ್ನ ಮುಖ ನೋಡಿದರು. ಮೂರು ತಿಂಗಳು ಆ ಮನುಷ್ಯನ ಎದುರು ಕೂತು ಸೊಪ್ಪು ಹೆಚ್ಚಿದ್ದೆ. ಅವನ ನಾಯಿಗಳ ಹೆಸರು ಗೊತ್ತಿತ್ತು. ಅವನದನ್ನು ಕೇಳಬೇಕು ಅಂತ ಒಂದು ದಿನವೂ ತೋಚಿರಲಿಲ್ಲ. ತೋಟದಯ್ಯ ಅಂದೆ. ಯಾವ ತೋಟದ ಯಾವ ಅಯ್ಯ ಅಂತ ಆಕೆ ಪಾಪ ಏನು ಹೇಳಿಯಾಳು? ಸಂಜೆಯ ಬಸ್ಸಿಗೆ ವಾಪಸು ಬಂದೆವು.

ಈಗ ನನ್ನ ಯಜಮಾನರೂ ಇಲ್ಲ. ಆ ಮುದುಕ ಹೋಗಿ ಎಷ್ಟು ಕಾಲವಾಯಿತೋ, ಎಲ್ಲಿ ಮಣ್ಣಾದನೋ, ಕೆಂಚಿ ಮೊದಲೋ ಅವನು ಮೊದಲೋ... ಮುಂಜಾನೆ ವಿಭೂತಿ ಇಟ್ಟು ಪೂಜೆಗೆ ಕೂತಾಗ ಹೋದವರ ಹೆಸರನ್ನೆಲ್ಲ ಒಂದೊಂದಾಗಿ ನೆನೆಯುತ್ತೇನೆ. ಅವನ ಸರದಿ ಬಂದಾಗ ತೋಟದಯ್ಯ ಅನ್ನುತ್ತೇನೆ. ಅದು ಅವನ ಹೆಸರಲ್ಲ. ನಾವು ಅವನಿಂದ ಮಾಡಿಸಿಕೊಂಡ ಕೆಲಸ.